ಹತ್ತನೆಯವನು ಎಲ್ಲಿ?

ಹತ್ತು ಮಂದಿ ಹೊಳೆಯನ್ನು ದಾಟಿ ದಡವನ್ನು ಸೇರಿ, ಎಲ್ಲರೂ ಬಂದೆವೋ ಇಲ್ಲವೋ ಎಂದು ಎಣಿಸತೊಡಗಿದ ಕಥೆಯನ್ನು ನಮ್ಮ ವಾಚಕರಲ್ಲಿ ಕೇಳದವರು ಇರಲಾರರು. ಎಣಿಸಿದವನು ಪ್ರತಿಸಾರಿಯೂ ತನ್ನನ್ನು ಬಿಟ್ಟು ಎಣಿಸಿದುದರಿಂದ ಲೆಕ್ಕಕ್ಕೆ ಒಂಬತ್ತೇ ಸಿಕ್ಕಿತು. ಹತ್ತನೆಯವನು ನೀರುಪಾಲಾದನೆಂದು ಎಲ್ಲರೂ ಕುಳಿತು ಅತ್ತರು. ದಾರಿಹೋಕನೊಬ್ಬನು ಬಂದು, "ಹತ್ತನೆಯವನು ನೀನೇ ಅಯ್ಯಾ" ಎಂದು ತೋರಿಸಿಕೊಟ್ಟ ಮೇಲೆ ಅಳು ನಿಂತಿತು. ವೇದಾಂತಿಗಳು ಈ ಕಥೆಗೆ ದೊಡ್ಡ ಅರ್ಥವನ್ನು ಹೇಳುವರು. ನಾವು ಈ ತಿಂಗಳು ಅದನ್ನು ನೆನೆದುದು ಬೇರೊಂದು ಕಾರಣದಿಂದ. ಎದುರಿಗೇ ನಿಂತಿದ್ದ ಹತ್ತನೆಯವನನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಸಮಾಜವೊಂದು ಉಂಟು. ಹಾಗೆ ಬಿಟ್ಟುಹೋದವರೇ ಒಟ್ಟುಗೂಡಿ ಹತ್ತಾದ ವೃತ್ತಾಂತವೂ ಉಂಟು. ಅದನ್ನೇ ಇಂದು ಹೇಳಬೇಕೆಂದಿದ್ದೇವೆ.

ಯೆಹೂದ್ಯರ ಧರ್ಮದಲ್ಲಿ ಹತ್ತು ಎಂಬ ಸಂಖ್ಯೆಗೆ ವಿಶೇಷವಾದ ಬೆಲೆಯಿದೆ. ಒಬ್ಬೊಬ್ಬರೇ ಕುಳಿತು ದೇವರನ್ನು ಪ್ರಾರ್ಥಿಸಲು ಯಾವ ಅಡ್ಡಿಯೂ ಇಲ್ಲ. ಆದರೆ ಕೆಲವು ಪ್ರಾರ್ಥನೆಗಳನ್ನು ಹತ್ತು ಮಂದಿ ವಯಸ್ಕರು ನೆರೆದಲ್ಲದೆ ಹೇಳುವ ಹಾಗಿಲ್ಲ. ಈ ಹತ್ತರ ಕೂಟಕ್ಕೆ ಅವರು 'ಮಿನ್ಯಾನ್' ಎನ್ನುವರು. ಸತ್ತವರಿಗಾಗಿ ಹೇಳುವ 'ಕಾದಿಷ್' ಎಂಬ ಪ್ರಾರ್ಥನೆಯೂ ಇಂಥದೇ. ಅರಾಮಾಯಿಕ್ ಭಾಷೆಯ ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ. ಮೊದಲಿನಿಂದ ಕಡೆಯವರೆಗೂ ದೇವರ ಮಹಿಮೆಯನ್ನು ಕೊಂಡಾಡುವುದಷ್ಟೇ. ತಂದೆತಾಯಿಗಳು ತೀರಿಕೊಂಡರೆ ಮಕ್ಕಳು ಹನ್ನೊಂದು ತಿಂಗಳವರೆಗೂ, ಅನಂತರ ವರ್ಷಕ್ಕೊಮ್ಮೆ ಸತ್ತ ದಿನದಂದೂ ಅದನ್ನು ಹೇಳುವರು. ನಮ್ಮ ಮನೆಗಳಲ್ಲಿ ತಿಥಿಯ ದಿನಕ್ಕೆ ಇರುವ ಗೌರವವೇ ಅವರ ಮನೆಗಳಲ್ಲಿ ಆ ದಿನಕ್ಕೂ ಇದೆಯೆಂದರೆ ವಾಚಕರಿಗೆ ತಿಳಿದೀತು. ಆದರೆ ದುಃಖಿತನು ಎಷ್ಟೇ ದುಃಖಿತನಾಗಿರಲಿ, ಒಬ್ಬನೇ ನಿಂತು ಅದನ್ನು ಹೇಳಲಾರನು. ಅವನ ಸುತ್ತಲೂ ಇನ್ನೊಂಬತ್ತು ಮಂದಿ ಇರಬೇಕು. ಅವರು ಅವನ ಮಾತಿಗೆ "ಆಮೆನ್" ಎನ್ನಬೇಕು. ದುಃಖವನ್ನು ಒಬ್ಬನೇ ಹೊರಬಾರದೆಂಬುದೇ ಈ ನಿಯಮದ ಒಳಗಣ ಕರುಣೆ.

ಹಾಗಾದರೆ, ಆ ಒಂಬತ್ತು ಮಂದಿ ಯಾರೂ ಹತ್ತಿರ ಬಾರದವನ ಗತಿಯೇನು?

ಪುರುಷರಲ್ಲಿಯೇ ಅನುರಾಗವುಳ್ಳ ಪುರುಷರೂ ಸ್ತ್ರೀಯರಲ್ಲಿಯೇ ಅನುರಾಗವುಳ್ಳ ಸ್ತ್ರೀಯರೂ ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಇವರನ್ನು ಈಗ ಸಲಿಂಗಾನುರಾಗಿಗಳೆಂದು ಕರೆಯುತ್ತೇವೆ. 1972ನೆಯ ಇಸವಿಯಲ್ಲಿ ಅಮೇರಿಕಾ ದೇಶದ ಲಾಸ್ ಏಂಜಲೀಸ್ ಪಟ್ಟಣದಲ್ಲಿ ಇಂಥವರ ಸ್ಥಿತಿ ಹೇಗಿತ್ತೆಂಬುದನ್ನು ಮೊದಲು ತಿಳಿಯಬೇಕು. ಆ ಪಟ್ಟಣವಿರುವ ಕ್ಯಾಲಿಫೋರ್ನಿಯಾ ಸಂಸ್ಥಾನದ ಕಾನೂನು ಅವರ ಸಹವಾಸವನ್ನು ಅಪರಾಧವೆಂದು ಎಣಿಸುತ್ತಿತ್ತು. ಆ ಕಾನೂನನ್ನು ತೆಗೆದುಹಾಕಿದುದು 1975ರಲ್ಲಿ. ಅಮೇರಿಕಾದ ಮಾನಸಿಕ ವೈದ್ಯರ ಸಂಘವು ಅವರ ಸ್ವಭಾವವನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆ ಪಟ್ಟಿಯಿಂದ ಅದನ್ನು ಬಿಟ್ಟುದು 1973ರ ಡಿಸೆಂಬರಿನಲ್ಲಿ. ಯೆಹೂದ್ಯರಾದವರಿಗೆ ಇವುಗಳ ಮೇಲೆ ಶಾಸ್ತ್ರದ ನಿಷೇಧವೂ ಇತ್ತು. ಮೋಶೆಯ ಐದು ಗ್ರಂಥಗಳಲ್ಲಿ ಮೂರನೆಯದಾದ ಯಾಜಕಕಾಂಡದಲ್ಲಿ ಪುರುಷರಿಬ್ಬರ ಸಂಗವನ್ನು ಖಂಡಿಸುವ ವಾಕ್ಯವಿದೆ. ಹೀಗೆ ಕಾನೂನಿಗೆ ಅಪರಾಧಿ, ವೈದ್ಯನಿಗೆ ರೋಗಿ, ಶಾಸ್ತ್ರಕ್ಕೆ ಪಾಪಿ ಎನ್ನಿಸಿಕೊಂಡವನು ಪ್ರಾರ್ಥನಾಮಂದಿರಕ್ಕೆ ಹೋಗಬೇಕಾದರೆ, ತನ್ನ ಬದುಕಿನ ಅರ್ಧವನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಒಳಕ್ಕೆ ಹೋಗಬೇಕಾಗಿತ್ತು.

ಅದೇ ಪಟ್ಟಣದಲ್ಲಿ ಟ್ರಾಯ್ ಪೆರಿ ಎಂಬ ಕ್ರೈಸ್ತ ಬೋಧಕರೊಬ್ಬರು 1968ರ ಅಕ್ಟೋಬರಿನಲ್ಲಿ ತಮ್ಮ ಮನೆಯ ಹಜಾರದಲ್ಲಿಯೇ ಹನ್ನೆರಡು ಮಂದಿಯನ್ನು ಸೇರಿಸಿಕೊಂಡು ಸಲಿಂಗಾನುರಾಗಿಗಳಿಗಾಗಿ ಒಂದು ಚರ್ಚನ್ನು ಆರಂಭಿಸಿದ್ದರು. ಅವರೂ ಸಲಿಂಗಾನುರಾಗಿಗಳೇ, ಆ ಕಾರಣದಿಂದಲೇ ಮೊದಲಿದ್ದ ಪಂಥದಲ್ಲಿ ತಮ್ಮ ಬೋಧಕವೃತ್ತಿಯನ್ನು ಕಳೆದುಕೊಂಡಿದ್ದವರು. ಬೇರೆಲ್ಲಿಯೂ ಎಡೆಯಿಲ್ಲದ ಕೆಲವು ಯೆಹೂದ್ಯರು ಆ ಚರ್ಚಿನ ಮಾತುಕತೆಯ ಕೂಟಕ್ಕೆ ಬರುತ್ತಿದ್ದರು. 1972ರ ಏಪ್ರಿಲ್ ತಿಂಗಳಿನ ಒಂದು ಸಂಜೆ ಅಂಥ ನಾಲ್ವರು ಒಂದೇ ಕಡೆ ಕುಳಿತು ಮಾತಾಡುತ್ತ, ನಮ್ಮದೇ ಆದ ಒಂದು ಪ್ರಾರ್ಥನಾಸಭೆ ಏಕಿರಬಾರದೆಂದು ಯೋಚಿಸಿದರು. ಪೆರಿಯವರು ಅವರನ್ನು ತಮ್ಮ ಮತಕ್ಕೆ ಸೆಳೆದುಕೊಳ್ಳಲು ನೋಡಲಿಲ್ಲ. ನಿಮ್ಮ ಧರ್ಮದ ಮಂದಿರವನ್ನು ನೀವೇ ಕಟ್ಟಿಕೊಳ್ಳಿರೆಂದು ಉತ್ತೇಜನವನ್ನೂ ಕೂಡಲು ಸ್ಥಳವನ್ನೂ ಕೊಟ್ಟರು. ಕ್ರೈಸ್ತನು ಯೆಹೂದ್ಯನಿಗೆ "ನೀನು ಯೆಹೂದ್ಯನಾಗಿಯೇ ಇರು" ಎಂದು ಹೇಳಿದ ಪ್ರಸಂಗಗಳು ಇತಿಹಾಸದಲ್ಲಿ ಬಹಳವಿಲ್ಲ. ಆದುದರಿಂದ ಇದನ್ನು ನಾವು ವಿಶೇಷವಾಗಿ ನೆನೆಯುತ್ತೇವೆ.

ನಾಲ್ಕು ಮಂದಿಯಿಂದ ಮಿನ್ಯಾನ್ ಆಗುವುದಿಲ್ಲ. ಆದರೆ ಸುದ್ದಿಯು ಬಾಯಿಂದ ಬಾಯಿಗೆ ಹರಡಿ, ಜನರು ಒಬ್ಬೊಬ್ಬರಾಗಿ ಬಂದು ಸೇರಿದರು. ಹೆಸರು ಬಯಲಾದರೆ ಉದ್ಯೋಗವು ಹೋದೀತೆಂದೂ ಮನೆಯವರು ಮುಖವನ್ನು ನೋಡಲಾರರೆಂದೂ ಹೆದರಿಕೊಂಡೇ ಬಂದವರೂ ಅವರಲ್ಲಿದ್ದರು. ಹತ್ತರ ಎಣಿಕೆಯಲ್ಲಿ ಹಳೆಯ ಸಂಪ್ರದಾಯದವರು ಪುರುಷರನ್ನು ಮಾತ್ರ ಹಿಡಿಯುವರು. ಇವರು ಸ್ತ್ರೀಯರನ್ನೂ ಹಿಡಿದರು. ಲೆಕ್ಕದಿಂದ ಬಿಟ್ಟುಹೋಗುವುದರ ನೋವನ್ನು ಉಂಡವರು ಮತ್ತೊಬ್ಬರನ್ನು ಲೆಕ್ಕದಿಂದ ಬಿಟ್ಟರೆ ಅದಕ್ಕಿಂತ ಹೀನವಾದುದು ಬೇರೆ ಇಲ್ಲವಷ್ಟೆ! ಈ ಸಭೆಗೆ ಅವರು 'ಬೇತ್ ಖಾಯೀಮ್ ಖದಾಶೀಮ್' ಎಂದು ಹೀಬ್ರೂ ಭಾಷೆಯಲ್ಲಿ ಹೆಸರಿಟ್ಟರು. ಹೊಸ ಬಾಳಿನ ಮನೆಯೆಂಬುದು ಅದರ ಅರ್ಥ. ಸಲಿಂಗಾನುರಾಗಿಗಳಾದ ಯೆಹೂದ್ಯರು ಲೋಕದಲ್ಲಿ ಮೊತ್ತಮೊದಲು ಕಟ್ಟಿಕೊಂಡ ಸಭೆಯೆಂದು ಅದು ಹೆಸರಾಗಿದೆ.

ಆರಂಭವು ನಿರ್ವಿಘ್ನವಾಗಿ ನಡೆಯಲಿಲ್ಲ. 1973ರ ಜನವರಿಯಲ್ಲಿ, ಅವರಿಗೆ ಆಶ್ರಯವನ್ನು ಕೊಟ್ಟಿದ್ದ ಚರ್ಚಿನ ಕಟ್ಟಡವು ಬೆಂಕಿಗೆ ತುತ್ತಾಯಿತು. ಬೀದಿಗೆ ಬಿದ್ದ ಸಭೆಯು ಅಲ್ಲಿ ಇಲ್ಲಿ ಕೂಡುತ್ತ, ಯೆಹೂದ್ಯರಲ್ಲಿ ಸುಧಾರಕ ಪಂಥದವರ ದೇಶವ್ಯಾಪಿಯಾದ ಒಕ್ಕೂಟಕ್ಕೆ ತಮ್ಮನ್ನು ಸೇರಿಸಿಕೊಳ್ಳಬೇಕೆಂದು ಅರ್ಜಿಯನ್ನು ಸಲ್ಲಿಸಿತು. ಆಗ ಹುಟ್ಟಿದ ವಾದವು ಗಂಭೀರವಾದುದು; ಅದನ್ನು ಹಗುರವಾಗಿ ಎಣಿಸಬಾರದು. ಆ ಪಂಥದ ಶಾಸ್ತ್ರಪಂಡಿತರಲ್ಲಿ ಹಿರಿಯರಾದ ಸಾಲೊಮನ್ ಫ್ರೀಹಾಫ್ ಎಂಬವರು 1973ರಲ್ಲಿ ತಮ್ಮ ಅಭಿಪ್ರಾಯವನ್ನು ಬರೆದರು. ಸಂಪ್ರದಾಯವು ಈ ನಡತೆಯನ್ನು ಪಾಪವೆಂದು ಎಣಿಸಿರುವುದು ನಿಶ್ಚಯ. ಆದರೂ ಪಾಪಿಯನ್ನು ಪ್ರಾರ್ಥನೆಯಿಂದ ಹೊರಗೆ ನೂಕುವುದು ಸಲ್ಲದು. ಅವನು ಎಲ್ಲರ ಮಂದಿರಕ್ಕೇ ಬರಲಿ. ಇಂಥವರಿಗೆಂದೇ ಬೇರೆ ಸಭೆಯನ್ನು ಕಟ್ಟಲು ಮಾತ್ರ ಉತ್ತೇಜನವನ್ನು ಕೊಡಬಾರದು. ಇದು ಅವರ ಮತದ ಸಾರ.

ವಾಚಕರಲ್ಲಿಯೂ ಕೆಲವರಿಗೆ ಈ ಮಾತು ನ್ಯಾಯವೆಂದೇ ತೋರಬಹುದು. ಬಾಗಿಲು ತೆರೆದಿರುವಾಗ ಬೇರೆ ಮನೆ ಏಕೆ? ಆದರೆ ಬಾಗಿಲು ತೆರೆದಿರುವುದು ಬೇರೆ, ಒಳಗೆ ಮಣೆ ಹಾಕುವುದು ಬೇರೆ. ಸಂಸಾರಿಗಳ ಮಂದಿರದಲ್ಲಿ ಎಲ್ಲವೂ ಸಂಸಾರವನ್ನೇ ಹಿಡಿದು ನಡೆಯುತ್ತದೆ. ಮದುವೆಯ ವರ್ಷದ ದಿನ ಬಂದರೆ ಗಂಡಹೆಂಡಿರಿಗೆ ಆಶೀರ್ವಾದವಾಗುತ್ತದೆ. ಮಗು ಹುಟ್ಟಿದರೆ ಹೆಸರಿಡುತ್ತಾರೆ. ಗಂಡ ಸತ್ತರೆ ಹೆಂಡತಿಯನ್ನು ನಡುವೆ ಕೂರಿಸಿಕೊಂಡು ಸಮಾಧಾನ ಹೇಳುತ್ತಾರೆ. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಅಡಿಗೆ ಮಾಡಿ ಉಂಡ ಸಂಗಾತಿ ಸತ್ತುದನ್ನು ಬಾಯಿಬಿಟ್ಟು ಹೇಳಲಾರದೆ, ಹಿಂದಿನ ಸಾಲಿನಲ್ಲಿ ಒಂಟಿಯಾಗಿ ಕುಳಿತವನಿಗೆ ಅಲ್ಲಿ ಯಾವ ಸ್ಥಾನವಿತ್ತು? ಅವನು ಬೇಡಿದುದು ಬೇರೆ ದೇವರನ್ನಲ್ಲ, ಬೇರೆ ಶಾಸ್ತ್ರವನ್ನೂ ಅಲ್ಲ. ತನ್ನ ದುಃಖದ ಹೆಸರನ್ನು ಗಟ್ಟಿಯಾಗಿ ಹೇಳಲು ಒಂದು ಎಡೆಯನ್ನು ಬೇಡಿದನು. ಬಹಳ ಚರ್ಚೆಯಾದ ಮೇಲೆ 1974ರಲ್ಲಿ ಒಕ್ಕೂಟವು ಆ ಸಭೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಅದಕ್ಕೆ ಮುಂಚೆ ಯೆಹೂದ್ಯರ ಯಾವ ಪಂಥವೂ ಇಂಥ ಸಭೆಯನ್ನು ಒಪ್ಪಿದ್ದಿಲ್ಲ.

ಈ ಸಭೆಯ ಸ್ವತ್ತುಗಳಲ್ಲಿ ಒಂದು ವಸ್ತುವಿನ ಕಥೆಯನ್ನು ಹೇಳದೆ ಮುಂದಕ್ಕೆ ಹೋಗಲು ನಮಗೆ ಮನಸ್ಸು ಬಾರದು. ಮೋಶೆಯ ಐದು ಗ್ರಂಥಗಳಿಗೆ ತೋರಾ ಎಂದು ಹೆಸರು. ಮಂದಿರದಲ್ಲಿ ಓದುವ ತೋರಾ ಅಚ್ಚಿನ ಪುಸ್ತಕವಲ್ಲ. ಹದಮಾಡಿದ ಚರ್ಮದ ಮೇಲೆ ಲಿಪಿಕಾರನು ಮೂರು ಲಕ್ಷಕ್ಕೂ ಮೀರಿದ ಅಕ್ಷರಗಳನ್ನು ಒಂದೊಂದಾಗಿ ಕೈಯಿಂದ ಬರೆದ ಉದ್ದವಾದ ಸುರುಳಿ. ಬೊಹೀಮಿಯಾ ದೇಶದಲ್ಲಿ ಖೋಟೆಬೋರ್ ಎಂಬ ಸಣ್ಣ ಊರಿದೆ. ಅಲ್ಲಿಯ ಯೆಹೂದ್ಯರ ಮಂದಿರದಲ್ಲಿ ಇಂಥದೊಂದು ಸುರುಳಿಯಿತ್ತು. 1942ರಲ್ಲಿ ನಾತ್ಸಿಗಳು ಆ ಊರಿನ ಯೆಹೂದ್ಯರನ್ನು ಸಾಗಿಸಿಕೊಂಡು ಹೋದರು. ಓದುವವರು ಹೋದರು, ಸುರುಳಿ ಉಳಿಯಿತು. ಹೀಗೆ ಬೊಹೀಮಿಯಾ ಮೊರಾವಿಯಾ ಸೀಮೆಗಳಲ್ಲಿ ಒಡೆಯರಿಲ್ಲದೆ ಉಳಿದ ಸುರುಳಿಗಳು ಪ್ರಾಗ್ ಪಟ್ಟಣದಲ್ಲಿ ರಾಶಿಬಿದ್ದಿದ್ದವು. 1964ರಲ್ಲಿ ಅಂಥ 1564 ಸುರುಳಿಗಳನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಂದಿರಕ್ಕೆ ತಂದು, ಒಂದೊಂದನ್ನೂ ಪರೀಕ್ಷಿಸಿ, ಸರಿಮಾಡಿ, ಬೇಕಾದ ಸಭೆಗಳಿಗೆ ಶಾಶ್ವತವಾದ ಎರವಲಾಗಿ ಕೊಡತೊಡಗಿದರು. ಖೋಟೆಬೋರಿನ ಸುರುಳಿಯು ಬಂದು ಸೇರಿದುದು ಲಾಸ್ ಏಂಜಲೀಸಿನ ಈ ಹೊಸ ಬಾಳಿನ ಮನೆಗೆ.

ನಾತ್ಸಿಗಳು ಬಂಧನದ ಶಿಬಿರಗಳಲ್ಲಿ ಯೆಹೂದ್ಯರಿಗೆ ಹಳದಿಯ ನಕ್ಷತ್ರವನ್ನೂ, ಸಲಿಂಗಾನುರಾಗಿಗಳೆಂದು ಹಿಡಿದು ತಂದ ಪುರುಷರಿಗೆ ಗುಲಾಬಿ ಬಣ್ಣದ ತ್ರಿಕೋನವನ್ನೂ ಅಂಗಿಯ ಮೇಲೆ ಹೊಲಿಸಿದ್ದರೆಂಬುದನ್ನು ನೆನೆದರೆ, ಆ ಸುರುಳಿಯು ತಲುಪಬೇಕಾದ ಕೈಗಳನ್ನೇ ತಲುಪಿತೆಂದು ನಮಗೆ ತೋರುತ್ತದೆ. ಆ ಸುರುಳಿಯಲ್ಲಿ ಯಾಜಕಕಾಂಡದ ಆ ವಾಕ್ಯವೂ ಇದೆ. ಇವರು ಅದನ್ನು ಕೆರೆದು ತೆಗೆಯಲಿಲ್ಲ. ತಮ್ಮನ್ನು ಖಂಡಿಸುವ ವಾಕ್ಯವಿರುವ ಗ್ರಂಥವನ್ನೇ ಎತ್ತಿ ಎದೆಗೊತ್ತಿಕೊಂಡು, ಇದು ನಮ್ಮದೂ ಅಹುದು, ಇದರ ಅರ್ಥವನ್ನು ವಿಚಾರಿಸುವ ಹಕ್ಕು ನಮಗೂ ಉಂಟು ಎಂದರು. ಧರ್ಮವನ್ನು ಬಿಟ್ಟುಹೋಗುವುದು ಅವರಿಗೆ ಸುಲಭವಾಗಿತ್ತು. ಅದರಲ್ಲಿಯೇ ಉಳಿದು ಕೇಳುವುದು ಕಷ್ಟವಾಗಿತ್ತು. ಕಷ್ಟವಾದುದನ್ನೇ ಅವರು ಆರಿಸಿಕೊಂಡರು.

1977ರಲ್ಲಿ ಸಭೆಯು ಪಿಕೊ ಎಂಬ ಹೆದ್ದಾರಿಯ ಮಗ್ಗುಲಲ್ಲಿ ಒಂದು ಕಟ್ಟಡವನ್ನು ಕೊಂಡಿತು. ಪ್ರಾರ್ಥನೆಯ ಭಾಷೆಯಲ್ಲಿ ದೇವರನ್ನು ಪುರುಷನೆಂದೇ ಸಂಬೋಧಿಸುವುದನ್ನು ಬಿಟ್ಟು, ಸ್ತ್ರೀಯರೂ ತಮ್ಮದೆಂದು ಹೇಳಬಹುದಾದ ಪ್ರಾರ್ಥನೆಗಳನ್ನು ಸದಸ್ಯರೇ ರಚಿಸಿಕೊಂಡರು. 1983ರಲ್ಲಿ ಜಾನೆಟ್ ಮಾರ್ಡರ್ ಎಂಬ ಮಹಿಳೆಯು ಈ ಸಭೆಗೆ ಪೂರ್ಣಕಾಲದ ರಬ್ಬಿಯಾಗಿ, ಎಂದರೆ ಧರ್ಮಗುರುವಾಗಿ ಬಂದರು. ಅವರು ವಿವಾಹಿತೆ, ಸಲಿಂಗಾನುರಾಗಿಯಲ್ಲ. ಅವರು ಬಂದ ಕಾಲವೇ ಸಭೆಗೆ ಬಹು ಕಠಿನವಾದ ಕಾಲವಾಯಿತು.

1981ರ ಜೂನ್ ತಿಂಗಳಿನಲ್ಲಿ ಲಾಸ್ ಏಂಜಲೀಸ್ ಪಟ್ಟಣದ ಐವರು ಯುವಕರಿಗೆ ಬಂದ ವಿಚಿತ್ರವಾದ ಶ್ವಾಸಕೋಶದ ರೋಗವೊಂದರ ವರದಿಯು ಸರ್ಕಾರದ ಆರೋಗ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಏಡ್ಸ್ ಎಂದು ಹೆಸರಾದ ಮಹಾಮಾರಿಯ ಮೊದಲನೆಯ ವರದಿ ಅದೇ. 1996ರ ಸುಮಾರಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಬರುವವರೆಗೂ, ರೋಗವು ಬಂದವನು ಬದುಕುವ ಭರವಸೆ ಬಹಳ ಕಡಿಮೆಯಾಗಿತ್ತು. ಸತ್ತವರಲ್ಲಿ ಹೆಚ್ಚಿನವರು ಪ್ರಾಯದ ಪುರುಷರು. ಎಷ್ಟೋ ಮಂದಿಯ ತಂದೆತಾಯಿಗಳು ಮಗನು ಯಾವ ರೋಗದಿಂದ ಸತ್ತನೆಂಬುದನ್ನು ಮುಚ್ಚಿಟ್ಟರು. ಕೆಲವರು ಹಾಸಿಗೆಯ ಹತ್ತಿರಕ್ಕೂ ಬರಲಿಲ್ಲ. ರೋಗಿಯ ಸೇವೆಯನ್ನು ಕಡೆಯವರೆಗೂ ಮಾಡಿದ ಸಂಗಾತಿಯನ್ನು ಅಂತ್ಯಕ್ರಿಯೆಯ ದಿನ ದೂರ ನಿಲ್ಲಿಸಿದ ಉದಾಹರಣೆಗಳೂ ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ.

ಹತ್ತು ಮಂದಿಯ ಕೂಟದ ಬೆಲೆಯು ಆಗ ತಿಳಿಯಿತು. ರೋಗಿಯನ್ನು ಕಾಣಹೋಗುವುದು ಯೆಹೂದ್ಯ ಧರ್ಮದಲ್ಲಿ ವಿಧಿಸಿದ ಕರ್ತವ್ಯ. ಸತ್ತವನನ್ನು ಗೌರವದಿಂದ ಕಳುಹಿಸುವುದು ಅದಕ್ಕಿಂತ ದೊಡ್ಡ ಕರ್ತವ್ಯ. ಸಾಮಾನ್ಯವಾಗಿ ಇವುಗಳನ್ನು ಬಂಧುಗಳು ನಡೆಸುವರು. ಇಲ್ಲಿ ಬಂಧುಗಳ ಸ್ಥಾನದಲ್ಲಿ ಸಭೆಯೇ ನಿಂತಿತು. 'ನೆಖಾಮಾ', ಎಂದರೆ ಸಾಂತ್ವನ ಎಂಬ ಹೆಸರಿನಿಂದ ಏಡ್ಸ್ ರೋಗದ ವಿಷಯದಲ್ಲಿ ಯೆಹೂದ್ಯ ಜನರಿಗೆ ತಿಳಿವಳಿಕೆ ಕೊಡುವ, ರೋಗಿಗಳಿಗೂ ಅವರ ಮನೆಯವರಿಗೂ ನೆರವಾಗುವ ಕಾರ್ಯವನ್ನು ಅದು ಕೈಕೊಂಡಿತು. ಮಕ್ಕಳಿಲ್ಲದವನಿಗೆ ಕಾದಿಷ್ ಹೇಳುವವರು ಯಾರು ಎಂಬ ಪ್ರಶ್ನೆಗೆ, ನಾವಿದ್ದೇವೆ ಎಂಬ ಉತ್ತರವಿತ್ತು. ಹತ್ತು ವರ್ಷಗಳ ಹಿಂದೆ "ಇವರಿಗೆ ಬೇರೆ ಮಂದಿರವೇಕೆ?" ಎಂದು ಕೇಳಿದ್ದವರಿಗೂ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಯಾವ ಪಂಡಿತನೂ ಬರೆದುಕೊಡಲಾರನಾಗಿದ್ದನು.

ಲಾಸ್ ಏಂಜಲೀಸಿನಲ್ಲಿ ಹಚ್ಚಿದ ದೀಪದಿಂದ ಬೇರೆ ಊರುಗಳಲ್ಲಿಯೂ ದೀಪಗಳು ಹೊತ್ತಿಕೊಂಡವು. ಸಾನ್ ಫ್ರಾನ್ಸಿಸ್ಕೊ, ವಾಷಿಂಗ್ಟನ್, ಷಿಕಾಗೊ ಪಟ್ಟಣಗಳಲ್ಲಿ ಅದೇ ದಶಕದಲ್ಲಿ ಇಂಥ ಸಭೆಗಳು ಹುಟ್ಟಿದವು. ನ್ಯೂಯಾರ್ಕಿನ ಸಭೆಯ ಸಂಬಂಧ ನಮ್ಮ ದೇಶಕ್ಕೂ ಉಂಟು. 1973ರ ಫೆಬ್ರವರಿಯಲ್ಲಿ ವಾರಪತ್ರಿಕೆಯೊಂದರಲ್ಲಿ ಜಾಹೀರಾತನ್ನು ಕೊಟ್ಟು ಅಲ್ಲಿಯ ಮೊದಲನೆಯ ಶುಕ್ರವಾರದ ಪ್ರಾರ್ಥನೆಗೆ ಜನರನ್ನು ಕರೆದವರು ಭಾರತ ಮೂಲದ ಯೆಹೂದ್ಯರೊಬ್ಬರು. ಅಲ್ಲಿಯೂ ಸ್ಥಳವನ್ನು ಕೊಟ್ಟುದು ಒಂದು ಚರ್ಚೇ. 'ಬೇತ್ ಸಿಮ್ಖಾತ್ ತೋರಾ' ಎಂಬ ಆ ಸಭೆಯು 1992ರಲ್ಲಿ ಷೇರನ್ ಕ್ಲೈನ್‌ಬಾಮ್ ಎಂಬ ಮಹಿಳೆಯನ್ನು ತನ್ನ ಮೊದಲನೆಯ ಪೂರ್ಣಕಾಲದ ರಬ್ಬಿಯನ್ನಾಗಿ ನೇಮಿಸಿಕೊಂಡಿತು. ನಲವತ್ತಮೂರು ವರ್ಷ ಬೇರೆಯವರ ಜಾಗಗಳಲ್ಲಿ ಕೂಡಿ, 2016ರಲ್ಲಿ ಸ್ವಂತ ಮಂದಿರಕ್ಕೆ ಬಂದಿತು.

ಆ ಸಭೆಯ ಸದಸ್ಯೆಯರಲ್ಲಿ ಈಡಿತ್ ವಿಂಡ್ಸರ್ ಎಂಬ ವೃದ್ಧೆಯೊಬ್ಬರಿದ್ದರು. ಥಿಯಾ ಸ್ಪೈಯರ್ ಎಂಬ ಸಂಗಾತಿಯೊಡನೆ ಅವರು ನಲವತ್ತು ವರ್ಷಗಳಿಗೂ ಮೀರಿ ಬಾಳುವೆ ಮಾಡಿ, 2007ರಲ್ಲಿ ಕೆನಡಾ ದೇಶಕ್ಕೆ ಹೋಗಿ ಮದುವೆಯಾಗಿದ್ದರು. 2009ರಲ್ಲಿ ಥಿಯಾ ತೀರಿಕೊಂಡಾಗ, ಅಮೇರಿಕಾದ ಸರ್ಕಾರವು ಈ ಮದುವೆಯನ್ನು ಒಪ್ಪದೆ, ವಿಧವೆಗೆ ಸಲ್ಲುವ ವಿನಾಯಿತಿಯನ್ನು ಕೊಡದೆ, ಮೃತಳ ಆಸ್ತಿಯ ಮೇಲೆ ಮೂರು ಲಕ್ಷ ಅರುವತ್ತಮೂರು ಸಾವಿರ ಡಾಲರಿಗೂ ಹೆಚ್ಚಿನ ತೆರಿಗೆಯನ್ನು ವಸೂಲು ಮಾಡಿತು. ಈಡಿತ್ ಅವರು ಹೂಡಿದ ದಾವೆಯಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು 2013ರ ಜೂನ್ ತಿಂಗಳಿನಲ್ಲಿ ಅವರ ಪರವಾಗಿ ತೀರ್ಪನ್ನು ಕೊಟ್ಟಿತು. ಹಣವು ಹಿಂದಕ್ಕೆ ಬಂದುದಕ್ಕಿಂತಲೂ, ತಾನು ಥಿಯಾಳ ಯಾರು ಎಂಬ ಪ್ರಶ್ನೆಗೆ ದೇಶವು ಉತ್ತರ ಹೇಳಿದುದೇ ದೊಡ್ಡದೆಂದು ಸಂಸಾರವನ್ನು ಬಲ್ಲ ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ.

ಪಂಥಗಳೂ ಸುಮ್ಮನೆ ಇರಲಿಲ್ಲ. 1984ರಲ್ಲಿ ಪುನಾರಚನಾ ಪಂಥದ ವಿದ್ಯಾಲಯವೂ 1990ರಲ್ಲಿ ಸುಧಾರಕ ಪಂಥದ ಧರ್ಮಗುರುಗಳ ಸಮ್ಮೇಲನವೂ ಸಲಿಂಗಾನುರಾಗಿಗಳು ರಬ್ಬಿಗಳಾಗಲು ಅಡ್ಡಿಯಿಲ್ಲವೆಂದು ನಿಶ್ಚಯಿಸಿದವು. 2006ರಲ್ಲಿ ಮಧ್ಯಮ ಮಾರ್ಗದ ಕನ್ಸರ್ವೇಟಿವ್ ಪಂಥದ ಶಾಸ್ತ್ರಸಮಿತಿಯೂ, ಪರಸ್ಪರ ವಿರುದ್ಧವಾದ ಅಭಿಪ್ರಾಯಗಳನ್ನು ಒಟ್ಟಿಗೇ ಅಂಗೀಕರಿಸಿ, ಇದಕ್ಕೆ ದಾರಿಮಾಡಿತು. ಸಂಪ್ರದಾಯಸ್ಥರಾದ ಆರ್ಥಡಾಕ್ಸ್ ಯೆಹೂದ್ಯರು ಮಾತ್ರ ಶಾಸ್ತ್ರದ ನಿಷೇಧವು ನಿಷೇಧವೇ ಎಂದು ಎಣಿಸುವರು. ಆದುದರಿಂದ ವಿವಾದವು ಮುಗಿಯಿತೆಂದು ನಾವು ಹೇಳುವಂತಿಲ್ಲ.

ಲಾಸ್ ಏಂಜಲೀಸಿನ ಸಭೆಯು 2011ರಲ್ಲಿ ಅದೇ ಪಿಕೊ ಹೆದ್ದಾರಿಯ ಮೇಲೆ ಹೊಸ ಮಂದಿರಕ್ಕೆ ಹೋಯಿತು. ಈಗ ಎಷ್ಟೋ ಸಾಮಾನ್ಯ ಮಂದಿರಗಳು ಸಲಿಂಗಾನುರಾಗಿಗಳ ಸಂಸಾರಗಳನ್ನು ಸಂಸಾರಗಳೆಂದೇ ಬರಮಾಡಿಕೊಳ್ಳುತ್ತವೆ. ಹೀಗಿರುವಾಗ ಬೇರೆ ಮಂದಿರದ ಅವಶ್ಯಕತೆ ಇನ್ನೂ ಇದೆಯೇ ಎಂದು ಅವರಲ್ಲಿಯೇ ಕೆಲವರು ಕೇಳುವುದುಂಟು. ಈ ಪ್ರಶ್ನೆಯು ಏಳುವ ಹಾಗಾದುದೇ ಆ ನಾಲ್ವರ ಕಾರ್ಯವು ಕೈಗೂಡಿದುದರ ಗುರುತು. ಆದರೆ ಮನೆಯಲ್ಲಿ ಬಾಯಿಬಿಡಲಾರದೆ ತೊಳಲುವ ಮಗನೋ ಮಗಳೋ ಎಲ್ಲಿಯಾದರೂ ಒಬ್ಬರಿರುವವರೆಗೂ, ಇಂಥ ಒಂದು ಬಾಗಿಲಿನ ಮುಂದೆ ದೀಪವಿರುವುದು ಒಳ್ಳೆಯದೆಂದೇ ನಾವು ಎಣಿಸುವೆವು.

ಮತ್ತೆ ಹೊಳೆಯ ದಡದ ಕಥೆಗೆ ಬರೋಣ. ಆ ಹತ್ತು ಮಂದಿ ಹತ್ತನೆಯವನಿಗಾಗಿ ಮನಸಾರೆ ಅತ್ತರು. ಅವರ ದುಃಖದಲ್ಲಿ ಕಪಟವಿರಲಿಲ್ಲ. ತಪ್ಪು ಇದ್ದುದು ಎಣಿಕೆಯಲ್ಲಿ. ದೂರವಾದ ಮಗನಿಗಾಗಿ ಕೊರಗುವ ಎಷ್ಟೋ ಮನೆಗಳಲ್ಲಿ ನಡೆಯುವುದೂ ಇದೇ. ಮಗನು ಹೊಳೆಯ ಪಾಲಾಗಿರುವುದಿಲ್ಲ. ಎಣಿಸುವವರ ಎದುರಿಗೇ ನಿಂತು, ನನ್ನನ್ನು ಎಣಿಸಿರೆಂದು ಕಾಯುತ್ತಿರುತ್ತಾನೆ. ಯೆಹೂದ್ಯರ ಮಂದಿರದಲ್ಲಿ ಒಂಬತ್ತು ಮಂದಿ ನೆರೆದು ಪ್ರಾರ್ಥನೆಗೆ ಕಾದಿರುವಾಗ, ಬಾಗಿಲಿನಲ್ಲಿ ಕಾಣಿಸಿಕೊಂಡ ಹತ್ತನೆಯವನು ಪಂಡಿತನೋ ಪಾಮರನೋ ಎಂದು ಯಾರೂ ಕೇಳುವುದಿಲ್ಲ. ಅವನು ಬಂದುದರಿಂದಲೇ ಪ್ರಾರ್ಥನೆ ಆರಂಭವಾಗುತ್ತದೆ. ನಮ್ಮ ನಮ್ಮ ಮನೆಯ ಎಣಿಕೆಯನ್ನು ಇನ್ನೊಮ್ಮೆ ಸಾವಧಾನವಾಗಿ ಮಾಡಿನೋಡುವುದು ಎಲ್ಲ ಗೃಹಸ್ಥರಿಗೂ ಶ್ರೇಯಸ್ಕರವಾದುದು.